ಮೊಟ್ಟೆಯಾದ ಡ್ರಮ್ಮು

ಲೇತ್ ಶೆಡ್ಡಿನ ಒಡತಿಯನ್ನು ಊರೆಲ್ಲ ಯಾಕಕ್ಕ ಎಂದೇ ಕರೆಯುತ್ತಿತ್ತು. ಸವೆದ ಸಾಮಾನು ಬಂದರೆ ಸರಿಮಾಡಿಕೊಟ್ಟು ಕೈತೊಳೆದುಕೊಳ್ಳುವುದು ಜಾಣ ವ್ಯಾಪಾರ. ಇವಳೋ, ಅದು ಯಾಕೆ ಸವೆಯಿತೆಂದು ತಿಳಿಯುವ ತನಕ ಲೇತಿನ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಬಂದ ಗಿರಾಕಿ ಅದೇ ಕೆಲಸಕ್ಕೆ ಮತ್ತೆ ಬರದ ಹಾಗೆ ಮಾಡುವ ಅಂಗಡಿ ಹೇಗೆ ನಡೆಯುತ್ತಿತ್ತೋ ದೇವರೇ ಬಲ್ಲ.

ಒಂದು ಬೆಳಿಗ್ಗೆ ಅವಳ ಸೋದರಮಾವ ತಮ್ಮ ಮುದಿ ಕಾರಿನ ಹಿಂದಿನ ಚಕ್ರಗಳೊಳಗೆ ಕೂರುವ ಎರಡು ಬ್ರೇಕ್ ಡ್ರಮ್ಮುಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದರು. ಬ್ರೇಕ್ ಒತ್ತಿದರೆ ಪೆಡಲು ಕಾಲನ್ನೇ ತಿರುಗಿ ಒದೆಯುತ್ತದೆ ಎಂಬುದು ದೂರು. ಕಾರು ಅವರಿಗಿಂತ ಹಿರಿದು. ಹೊಸ ಡ್ರಮ್ಮಿನ ಮಾತಿರಲಿ, ಗುಜರಿಯಲ್ಲೂ ಹುಡುಕಿ ಸೋತಿದ್ದರು. ಯಾಕಕ್ಕ ಅಳತೆ ಹಿಡಿದಳು. ಬಲಗಡೆಯದು ದುಂಡಗಿತ್ತು, ಎಡಗಡೆಯದು ಮೊಟ್ಟೆಯಾಗಿತ್ತು. ಒಳಮೈ ಕೆತ್ತಿ ದುಂಡಗೆ ಮಾಡಬಹುದು, ಆದರೆ ಒಂದೇ ಸಲಕ್ಕೆ ಆಗುವಷ್ಟು ಕಬ್ಬಿಣ ಉಳಿದಿತ್ತು. ಇನ್ನೊಮ್ಮೆ ಮೊಟ್ಟೆಯಾದರೆ ಕಾರು ಕೋಳಿಗೂಡು. ಸಾಲದ್ದಕ್ಕೆ ಜೋಡಿ ಸಮವಿರಲೆಂದು ಬಲಗಡೆಯದನ್ನೂ ಅಷ್ಟೇ ಕೆತ್ತಬೇಕು.

"ಅಣ್ಣನಿಗೆ ಹೊಟ್ಟೆನೋವು ಅಂತ ತಮ್ಮನ ಹೊಟ್ಟೇನೂ ಕುಯ್ತೀಯೇನೇ?" ಎಂದರು ಮಾವ.

"ಒಂದು ದೊಡ್ಡದು ಒಂದು ಚಿಕ್ಕದಾದ್ರೆ ಕಾರು ಓರೆ ಎಳೆಯುತ್ತೆ ಮಾವ. ಅದಿರ್ಲಿ, ಎಡಗಡೇದೊಂದೇ ಯಾಕೆ ಹಿಂಗಾಯ್ತು?"

ಮಾವ ರಸ್ತೆಯನ್ನು ಬೈದರು, ಹಿಂದಿನ ಮೆಕ್ಯಾನಿಕ್ಕನ್ನು ಬೈದರು. ಅವಳಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ಮಾವನ ಮನೆಗೇ ಹೋಗಿ, ಡ್ರಮ್ಮುಗಳನ್ನು ಇದ್ದ ಹಾಗೆಯೇ ಕಾರಿಗೆ ಜೋಡಿಸಿ, ಒಂದು ಸುತ್ತು ಹೊರಡಿಸಿ, ತಾನು ಹಿಂದಿನ ಸೀಟಿನಲ್ಲಿ ಕುಳಿತಳು. ಮುಂದೆ ಮಾವನ ಪಕ್ಕದಲ್ಲಿ ಎಂದಿನಂತೆ ಅತ್ತೆ.

ಮಾವನ ಮನೆ ಕಡಿದಾದ ಇಳಿಜಾರಿನ ನಡುವೆ. ಅಲ್ಲಿಗೆ ಇಳಿದು ಬರುವಷ್ಟರಲ್ಲಿ ಬ್ರೇಕು ಕಾದು ವಾಸನೆ ಹೊಡೆಯತೊಡಗಿತು. ಕಾರು ಗೇಟಿನ ಮುಂದೆ ನಿಂತಿತೋ ಇಲ್ಲವೋ, ಅತ್ತೆ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು, ಬಾವಿಯಿಂದ ತುಂಬಿದ ಕೊಡ ಸೇದುವವರಂತೆ ಜಗ್ಗಿದರು. ಮಾವ ಅತ್ತ ತಿರುಗಿಯೂ ನೋಡಲಿಲ್ಲ. ಮದುವೆಯಾದಾಗಿನಿಂದ ನಡೆದುಬಂದ ಏರ್ಪಾಡು.

ಯಾಕಕ್ಕ ಕಾರಿನಡಿ ತೂರಿದಳು. ಹ್ಯಾಂಡ್‌ಬ್ರೇಕಿನ ಬಲಗಡೆಯ ಕೇಬಲ್ಲು ತುಕ್ಕು ಹಿಡಿದು ಅಂಟಿಕೊಂಡಿತ್ತು. ಅತ್ತೆಯ ರಟ್ಟೆಯ ಬಲವೆಲ್ಲ ಎಡಗಡೆಯ ಡ್ರಮ್ಮಿನ ಮೇಲೇ ಬೀಳುತ್ತಿತ್ತು. ಕಾದ ಡ್ರಮ್ಮನ್ನು ಹಾಗೆ ಅಮುಕಿ ಹಿಡಿದು ತಣಿಯಲು ಬಿಟ್ಟರೆ ಅದು ಅದೇ ಆಕಾರಕ್ಕೆ ಒಗ್ಗಿಕೊಳ್ಳದೆ ಇನ್ನೇನು ಮಾಡೀತು?

ಮೈಗೆಲ್ಲ ಮಸಿ ಬಳಿದುಕೊಂಡು, ಮುಖವರಳಿಸಿ ಹೊರಬಂದಳು. ಕೇಬಲ್ಲು ಬದಲಿಸುತ್ತೇನೆ, ಡ್ರಮ್ಮೂ ಕೆತ್ತುತ್ತೇನೆ, ಆದರೆ ಬಿಸಿ ಆರುವ ತನಕ ಅತ್ತೆ ಆ ಹಿಡಿ ಮುಟ್ಟಕೂಡದು ಎಂದಳು. ಅಷ್ಟಕ್ಕೂ ಯಾಕೆ ಎಳೆಯುತ್ತೀರಿ ಎಂದು ಕೇಳದೆ ಅವಳಿಂದ ಇರಲಾಗಲಿಲ್ಲ.

"ನಿಮ್ಮ ಮಾವನ ಕಾಲು ನಂಬಿ ಕೂತಿದ್ರೆ, ಇಷ್ಟೊತ್ತಿಗೆ ನಾನು ಕೆಳಗಿನ ಮನೆಯವರ ಅಡುಗೆಮನೇಲಿ ಇರ್ತಿದ್ದೆ," ಎಂದರು ಅತ್ತೆ.

ಮಾವ ಕನ್ನಡಿ ಒರೆಸುವುದರಲ್ಲಿ ಮಗ್ನರಾದರು. ಕಾರು ಬೇಕೆಂದರೆ ಹೆಂಡತಿಯನ್ನು ಒಪ್ಪಿಸಬೇಕು; ಅದು ಅವರ ಕೈಲಾಗುವ ಕೆಲಸವಲ್ಲ. ಅತ್ತೆ ಮಾತು ಕೊಡಲಿಲ್ಲ, ನೋಡೋಣ ಎಂದರು. ಯಾಕಕ್ಕ ಆ ನೋಡೋಣವನ್ನೇ ನಂಬಿ ಉಳಿದ ಕಬ್ಬಿಣವನ್ನು ಕೆತ್ತಿದಳು.

ಮತ್ತೆ ಅದೇ ಇಳಿಜಾರು, ಅದೇ ಸೀಟುಗಳು. ಈ ಸಲ ಪೆಡಲು ಒದೆಯಲಿಲ್ಲ. ಗೇಟಿನ ಮುಂದೆ ಕಾರು ನಿಂತಾಗ ಅತ್ತೆಯ ಕೈ ಹ್ಯಾಂಡ್‌ಬ್ರೇಕಿನ ತನಕ ಹೋಯಿತು. ಹಿಂದಿನ ಸೀಟಿನಿಂದ ಯಾಕಕ್ಕ ಮುಂದಕ್ಕೆ ಬಗ್ಗಿದಳು. ಕೈ ಅಲ್ಲಿಂದ ಬಾಗಿಲಿಗೆ ಸರಿಯಿತು. ಅತ್ತೆ ಇಳಿದು, ಕಾಂಪೌಂಡಿನ ಪಕ್ಕದಿಂದ ಒಂದು ಮರದ ತುಂಡು ತಂದು ಚಕ್ರದ ಮುಂದಿಟ್ಟು, ಚಪ್ಪಲಿ ಕಾಲಿನಿಂದ ಒದ್ದು ಬಿಗಿ ಮಾಡಿದರು. ಆಮೇಲೆ ಕಿಟಕಿಗೆ ಬಗ್ಗಿ ಗಂಡನಿಗೆ ಹೇಳಿದರು:

"ಹೂಂ, ಈಗ ಕಾಲು ತೆಗೀರಿ."