ಪ್ರೇಕ್ಷಕರ ಪಟ್ಟಿಯಲ್ಲಿ ನಾನು ಬಿಟ್ಟವರು

ನಿರೂಪಣೆಯಲ್ಲಿ ಕೊರತೆಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು, ಬರೆಯುವಾಗ ಇಂದಿಗೂ ಅಳುಕುತ್ತೇನೆ. ಮೂರು ವರ್ಷಗಳ ಹಿಂದೆ ಹೊನ್ನಾವರದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿ ಸೇರಿದ್ದೆ. ಇದು ನಡೆದಾಗ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಅಘನಾಶಿನಿ ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಆರಿಸುವ ಮಿರ್ಜಾನದ ಹೆಂಗಸರ ಕುರಿತ ಸಾಕ್ಷ್ಯಚಿತ್ರದ ಡಿವಿಡಿ ನಮ್ಮಲ್ಲಿತ್ತು. ಡಿವಿಡಿ ಕೊಂಡ ಮಾತ್ರಕ್ಕೆ ಅದನ್ನು ಸಭೆಗೆ ತೋರಿಸುವ ಹಕ್ಕು ಬರುವುದಿಲ್ಲ. ಅದಕ್ಕೆ ಪಬ್ಲಿಕ್ ಪರ್ಫಾರ್ಮೆನ್ಸ್ ರೈಟ್ಸ್, ಎಂದರೆ ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಲಿಖಿತವಾಗಿ ಪಡೆಯಬೇಕು. ಹಕ್ಕು ಹೊಂದಿದ್ದ ನಿರ್ದೇಶಕಿಗೆ ಸಲ್ಲಿಸಿದ ಅರ್ಜಿಯಲ್ಲಿ, 'ಪ್ರೇಕ್ಷಕರು' ಎಂಬಲ್ಲಿ 'ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಮಾತ್ರ' ಎಂದು ತುಂಬಿದೆ. ಚಿತ್ರದಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತವರಲ್ಲಿ ಒಬ್ಬರು ನನ್ನ ತಾಯಿ. ಅದು ಸಹೋದ್ಯೋಗಿಗಳಿಗೆ ತಿಳಿಯದಿರಲೆಂದೇ ಹಾಗೆ ಬರೆದೆ. ಅನುಮತಿ ಅದೇ ಪದಗಳಲ್ಲಿ ಬಂತು.

ಪ್ರದರ್ಶನದ ಬೆಳಿಗ್ಗೆ, ನಮ್ಮೂರಿನ ವಿದ್ಯಾರ್ಥಿನಿಯೊಬ್ಬಳಿಂದ ಸುದ್ದಿ ತಿಳಿದು, ತಾಯಿಯೂ ನೆರೆಮನೆಯ ನಾಗಮ್ಮನೂ ಕುಮಟೆಯಲ್ಲಿ ಬಸ್ ಬದಲಿಸಿ ಬಂದುಬಿಟ್ಟರು. ತಾವಿದ್ದ ಚಿತ್ರವನ್ನು ಅವರು ನೋಡಿಯೇ ಇರಲಿಲ್ಲ. ಮಧ್ಯಾಹ್ನ ನೀರಿಳಿಯುವ ಹೊತ್ತಿಗೆ ಹೊಳೆಗೆ ಮರಳಬೇಕಿತ್ತು.

"ಒಳಗೆ ಬಿಡಿ ಮೇಡಂ, ಯಾರು ಕೇಳ್ತಾರೆ?" ಎಂದರು ಪ್ರಾಂಶುಪಾಲರು. ಹೊರಗಿನವರಿಗೆ ಅನುಮತಿಯಿಲ್ಲವೆಂದು ವಿವರಿಸಿದೆ.

ನಾಗಮ್ಮ ನಕ್ಕರು: "ಸಿನೆಮಾದಲ್ಲಿ ನೀರಲ್ಲಿ ನಿಲ್ಸಿದ್ರು, ಇಲ್ಲಿ ಬಿಸ್ಲಲ್ಲಿ ನಿಲ್ಸಿದ್ರು. ಕೂರ್ಸೂದು ಯಾವಾಗೆ ತಂಗೀ?"

"ಸುಮ್ನಿರೇ," ಎಂದರು ತಾಯಿ. "ಹೊಳೆನೀರು ಹೊಕ್ಕಿದ್ರೂ ಬೇರೆಯವ್ರ ಗದ್ದೆಗೆ ಕೇಳ್ದೆ ಬಳಚಿಗೆ ಇಳೀತೇವಾ ನಾವು?" ಮತ್ತೆ ನನ್ನತ್ತ ತಿರುಗಿ, "ನೀ ಕೇಳು ಮಗಾ. ನಾವು ಇಲ್ಲೇ ಇರ್ತೇವೆ."

ಪ್ರಾಂಶುಪಾಲರ ಎದುರಿನಲ್ಲೇ ನಿರ್ದೇಶಕಿಗೆ ಫೋನ್ ಮಾಡಿದೆ. "ಹೊರಗೆ ನಿಂತಿರುವವರಲ್ಲಿ ಒಬ್ಬರು ನನ್ನ ತಾಯಿ" ಎಂದೆ.

"ಅವರನ್ನು ಬಿಟ್ಟು ಪ್ರೇಕ್ಷಕರ ಪಟ್ಟಿ ಮಾಡಿದ್ದು ಯಾರು?" ಎಂದು ನಿರ್ದೇಶಕಿ ಕೇಳಿದರು.

"ನಾನೇ, ಮೇಡಂ."

ಕಾಲು ಗಂಟೆಯಲ್ಲಿ ಸಾರ್ವಜನಿಕರಿಗೂ ತೋರಿಸಬಹುದೆಂಬ ತಿದ್ದಿದ ಅನುಮತಿ ಇ-ಮೇಲ್‌ನಲ್ಲಿ ಬಂತು.

ಚಿತ್ರ ಮುಗಿದಾಗ ವಿದ್ಯಾರ್ಥಿಯೊಬ್ಬ, ಕೆಸರುನೀರಿನಲ್ಲಿ ಬಳಚು ಕಾಣುವುದು ಹೇಗೆಂದು ಕೇಳಿದ. ತಾಯಿ ಎದ್ದು ನಿಂತರು. "ಕಣ್ಣಲ್ಲಲ್ಲ ಮಗಾ, ಕಾಲಲ್ಲಿ ಹುಡ್ಕೂದು." ಹತ್ತು ನಿಮಿಷ ಮಾತನಾಡಿದರು. ಅಷ್ಟು ನಿರಾತಂಕವಾಗಿ ಪಾಠ ಹೇಳಿದವರನ್ನು ಆ ಸಭಾಂಗಣದಲ್ಲಿ ನಾನು ಮತ್ತೆ ಕಂಡಿಲ್ಲ. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಚಹಾವನ್ನೂ ಕುಡಿಯದೆ ಹೊರಟರು.

ಅನುಮತಿ ಪತ್ರವು ನಾವು ಕೇಳಿದಷ್ಟನ್ನೇ ಕೊಡುತ್ತದೆ. ಕೇಳುವವರು ಪ್ರಾಮಾಣಿಕರಾಗಿರಬೇಕೆಂದು ಈ ವೃತ್ತಿ ನನಗೆ ಕಲಿಸಿತು. ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು: ಅರ್ಜಿಗಳಲ್ಲಿ ತಾಯಿಯ ಉದ್ಯೋಗ ಕೇಳಿದಾಗ ನಾನು ಸದಾ 'ಗೃಹಿಣಿ' ಎಂದು ಬರೆಯುತ್ತಿದ್ದೆ. ಕಾಲೇಜು ಓದುತ್ತಿರುವ ನನ್ನ ತಂಗಿ ಈಗ 'ಬಳಚು ಆರಿಸುವವರು' ಎಂದು ಬರೆಯುತ್ತಾಳೆ.