ಜೈಬುನಕ್ಕನ ಚೂರುಬಟ್ಟೆಯ ಪುಸ್ತಕ

ಸಿಂಚನಾ, ತೇಜು, ಕಣ್ಣು ಮುಚ್ಚಿಕೊಂಡು ದಿನಚರಿ ಓದುವವರನ್ನು ನೀವು ನೋಡಿರಲಾರಿರಿ. ನಾನು ಒಬ್ಬರನ್ನು ನೋಡಿದ್ದೇನೆ. ಅವರು ದೇವನಹಳ್ಳಿ ಕೋಟೆಯೊಳಗಿನ ಸಣ್ಣ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದ ಜೈಬುನಕ್ಕ. ರಟ್ಟು ಕಿತ್ತುಹೋದ ದಪ್ಪ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನು ಚುಚ್ಚಿದ ಬಟ್ಟೆಯ ಚೂರೊಂದನ್ನು ಎರಡು ಬೆರಳಲ್ಲಿ ಉಜ್ಜಿ, ಅದು ಯಾವ ದಿನದ್ದೆಂದು ಹೇಳಿಬಿಡುತ್ತಿದ್ದರು.

ಅವರು ಶಾಲೆಗೆ ಹೋದವರಲ್ಲ. ಟೇಪಿನ ಮೇಲಿನ ಅಂಕಿಗಳು ಬಿಟ್ಟರೆ ಒಂದಕ್ಷರ ಬಾರದು. ನೆನಪಿಡಬೇಕು ಅನ್ನಿಸಿದ ದಿನ, ಅವತ್ತು ಕತ್ತರಿಸಿದ ಬಟ್ಟೆಯಲ್ಲಿ ಉಳಿದದ್ದನ್ನು ಹಾಳೆಗೆ ಚುಚ್ಚಿಡುವುದು ಅವರ ಪದ್ಧತಿ. ಎಲ್ಲ ದಿನಕ್ಕೂ ಅಲ್ಲ. ಒಂದು ವರ್ಷದಲ್ಲಿ ನಾಲ್ಕೇ ಚೂರು ಇದ್ದದ್ದೂ ಉಂಟು. ಒರಟು ನೀಲಿ ಚೂರು ಮಗನನ್ನು ಶಾಲೆಗೆ ಸೇರಿಸಿದ ದಿನದ್ದು. ಅವನು ಅಳಲಿಲ್ಲವಂತೆ, ಬಾಗಿಲಾಚೆ ನಿಂತು ಇವರೇ ಅತ್ತರಂತೆ. ಜಾರುವ ಗುಲಾಬಿ ಚೂರು ಪಕ್ಕದ ಮನೆ ಹುಡುಗಿಯ ಮದುವೆ ನಿಂತುಹೋದ ದಿನದ್ದು; ಹೊಲಿದ ಬಟ್ಟೆ ಒಯ್ಯಲು ಯಾರೂ ಬರಲೇ ಇಲ್ಲ.

ಇಪ್ಪತ್ತು ವರ್ಷ ನನ್ನ ರವಿಕೆಗಳನ್ನೆಲ್ಲ ಅವರೇ ಹೊಲಿದರು. ಆದರೂ ಆ ಪುಸ್ತಕ ನಾನು ನೋಡಿದ್ದು ನಿಮ್ಮ ತಾತ ಹೋದ ಮೇಲೆ. ನಾನು ಹೆಚ್ಚು ಮಾತಿನವಳಲ್ಲ ಎಂದು ನಿಮಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ಈಗಲೂ ಅಡುಗೆಮನೆಯ ಕಡೆ ಸರಿಯುತ್ತೇನೆ. ತಾತ ಇದ್ದಾಗ ನನ್ನ ಮಾತನ್ನೂ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ ಮನಸ್ಸಿನಲ್ಲಿದ್ದದ್ದೆಲ್ಲ ಕಲ್ಲಾಗಿ ಕೂತಿತು. ಬರೆದರೆ ಹಗುರವಾಗುತ್ತದೆ ಎಂದು ನಿಮ್ಮಮ್ಮ ತಾರೀಖು ಅಚ್ಚಾದ ಡೈರಿ ತಂದುಕೊಟ್ಟಳು. ಬರೆಯದ ದಿನಗಳ ಖಾಲಿ ಹಾಳೆ ನೋಡಿದರೆ ತಪ್ಪು ಮಾಡಿದ ಹಾಗಾಗುತ್ತಿತ್ತು. ಫೋನಿನಲ್ಲಿ ಮಾತಾಡಿ ಹಿಡಿದಿಡು ಎಂದಳು. ನನ್ನ ದನಿ ನಾನೇ ಕೇಳಿ ನಾಚಿ ಅಳಿಸಿದೆ. ತೇಜು, ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯಲು ನಿನ್ನ ಮಿಸ್ಸು ಹೇಳಿಕೊಟ್ಟಿದ್ದನ್ನು ನನಗೆ ಕಲಿಸಿದೆಯಲ್ಲ, ಆ ತಿಂಗಳುಗಳಲ್ಲಿ ನನಗೆ ಒಂದೂ ಸಿಗುತ್ತಿರಲಿಲ್ಲ ಕಂದ. ನಿನಗೆ ಹೇಳಲಿಲ್ಲ.

ಜೈಬುನಕ್ಕನಿಗೆ ಹೇಳಿದೆ. ಯಾಕೋ ಅವರ ಮುಂದೆ ಮಾತು ಬಂತು. ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು.

“ಅದು ನಿನ್ನ ಅಳತೇದಲ್ಲ ಕಣೇ ಸರೋಜಾ. ಯಾರಿಗೋ ಹೊಲಿದಿದ್ದ ರವಿಕೆ ನೀನು ಹಾಕ್ಕೊಂಡಿದ್ದೀಯ. ಕಂಕುಳಲ್ಲಿ ಹಿಡಿಯುತ್ತೆ ಅಂತ ತೋಳು ಕುಯ್ಕೋತಾರಾ ಯಾರಾದ್ರೂ?”

ಆಮೇಲೆ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದು ತೋರಿಸಿದರು. ನಿನ್ನ ಅಳತೆ ಯಾವುದೋ ಹುಡುಕು, ನಂದೂ ನಿನಗೆ ಆಗಲ್ಲ ಎಂದೂ ಹೇಳಿದರು.

ಆ ವರ್ಷವೇ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಹೊಲಿಗೆ ನಿಂತಿತು. ಪುಸ್ತಕವನ್ನು ಮಾತ್ರ ಬೆರಳಲ್ಲಿ ಓದುತ್ತಿದ್ದರು. ಹೊಸ ಬಟ್ಟೆಯ ಗಂಜಿ ಒಂದೊಂದರಲ್ಲಿ ಒಂದೊಂದು ಥರ ಇರುತ್ತದಂತೆ. ಒಂದು ದಿನ ನನ್ನ ಕೈ ಹಿಡಿದುಕೊಂಡರು.

“ಇದೆಲ್ಲ ನನ್ನ ಬೆರಳಿಗೆ ಮಾತ್ರ ಗೊತ್ತು. ನಾನು ಹೋದ್ಮೇಲೆ ಚಿಂದಿ. ನಿನಗೆ ಅಕ್ಷರ ಬರುತ್ತಲ್ಲ, ಬರ್ಕೋ.”

ನನ್ನ ಏಳನೇ ಕ್ಲಾಸಿನ ಅಕ್ಷರ ನೆನೆದು ಹಿಂಜರಿದೆ. ಅವರು ಬಿಡಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಬಸ್ಸು ಹತ್ತಿ ಹೋಗಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಚೂರಿನ ಕೆಳಗೆ ಬರೆಯತೊಡಗಿದೆ. ಆಶ್ಚರ್ಯವೆಂದರೆ ಪೆನ್ನು ತಡೆಯಲಿಲ್ಲ. ಎದುರಿಗೊಬ್ಬರು ಕೂತಿದ್ದರೆ ನನಗೆ ಬರೆಯಲು ಬರುತ್ತಿತ್ತು. ಹನ್ನೊಂದು ಚೂರು ಮುಗಿದವು.

ಒಂದು ಗುರುವಾರ ಹಾಳೆ ಮಗುಚುವಾಗ ಮುಂದೆಲ್ಲೋ ಒಂದು ಹಸಿರು ಚೂರು ಕಂಡಿತು. ಹಿಪ್ಪುನೇರಳೆ ಸೊಪ್ಪಿನ ಬಣ್ಣ. ನಿಮ್ಮ ತಾತ ಹೋಗುವ ಹಿಂದಿನ ವಾರ ಹೊಲಿಯಲು ಕೊಟ್ಟಿದ್ದ ನನ್ನ ರವಿಕೆಯದು. ಅದು ಆ ಪುಸ್ತಕಕ್ಕೆ ಯಾಕೆ ಬಂತೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಪುಸ್ತಕ ಮುಚ್ಚಿ ಎದ್ದು ಬಂದೆ.

ಆಮೇಲೆ ಎರಡು ತಿಂಗಳು ಹೋಗಲಿಲ್ಲ. ನಮ್ಮ ರೇಷ್ಮೆ ಹುಳು ಕೊನೆಯ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದಿವೆ, ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು ಎಂದು ಅವರ ಸೊಸೆ ಶಬಾನಾಗೆ ಫೋನು ಮಾಡಿ ಹೇಳಿದೆ. ಹುಳು ಗೂಡು ಕಟ್ಟಿ, ಗೂಡು ಮಾರುಕಟ್ಟೆಗೂ ಹೋಯಿತು. ಆಗಲೂ ಹೋಗಲಿಲ್ಲ. ಇದನ್ನು ಮರೆಮಾಚದೆ ಬರೆಯುತ್ತಿದ್ದೇನೆ.

ಕೊನೆಗೆ ಹೋದಾಗ ರಂಜಾನಿಗೆ ಮುಂಚೆ ಮನೆ ಶುಚಿ ಮಾಡುವ ಕೆಲಸ ಮುಗಿದಿತ್ತು. ಬಾಗಿಲಲ್ಲೇ ಶಬಾನಾ ಎದುರಾಗಿ, ಅತ್ತೆಯ ಬಟ್ಟೆ ಚೂರುಗಳಿಗೆ ಮುಗ್ಗಲು ವಾಸನೆ ಹಿಡಿದಿತ್ತು ಆಂಟಿ, ಪಿನ್ನೆಲ್ಲ ತುಕ್ಕು, ತೆಗೆದು ಒಗೆದು ಇಸ್ತ್ರಿ ಮಾಡಿಟ್ಟಿದ್ದೀನಿ ಎಂದು ಸಂತೋಷವಾಗಿ ಹೇಳಿದಳು. ಬಣ್ಣಬಣ್ಣ ಬೇರೆ ಮಾಡಿ ಅಚ್ಚುಕಟ್ಟಾಗಿ ಜೋಡಿಸಿದ್ದಳು.

ಜೈಬುನಕ್ಕ ಮಂಚದ ಮೇಲೆ ಕೂತು ಒಂದೊಂದನ್ನೇ ಉಜ್ಜುತ್ತಿದ್ದರು. ಉಜ್ಜಿ ಪಕ್ಕಕ್ಕಿಡುವುದು, ಮತ್ತೆ ಅದನ್ನೇ ಎತ್ತಿಕೊಳ್ಳುವುದು.

“ಬಂದ್ಯಾ? ನೋಡೇ, ಎಲ್ಲಾ ಒಂದೇ ಥರಾ ಆಗ್ಬಿಟ್ಟಿದಾವೆ. ಗಂಜಿ ಹೋಗ್ಬಿಟ್ಟಿದೆ.” ದನಿ ತಗ್ಗಿಸಿ, “ಅವಳಿಗೆ ಏನೂ ಅನ್ಬೇಡ. ಒಳ್ಳೇ ಮನಸ್ಸಿಂದ ಮಾಡಿದಾಳೆ,” ಎಂದರು.

ಮಂಚದ ಅಂಚಿಗೆ ಕೂತೆ. ತಪ್ಪು ಆ ಹುಡುಗಿಯದಲ್ಲ, ಎರಡು ತಿಂಗಳು ಬಾರದ ನನ್ನದು ಎಂದೆ. ಅವರು ಚೂರುಗಳ ರಾಶಿಯನ್ನು ನನ್ನ ಕಡೆ ಸರಿಸಿದರು.

ಹಸಿರು ಚೂರನ್ನು ಹುಡುಕಿ ಅವರ ಕೈಗಿಟ್ಟೆ. ಇದು ನನ್ನದು, ಯಾಕೆ ಇಟ್ಟುಕೊಂಡಿದ್ದಿರಿ ಎಂದು ಕೇಳಿದೆ. ಉಜ್ಜಿ ನೋಡಿ ತಲೆಯಾಡಿಸಿದರು. ಸೊಪ್ಪಿನ ಬಣ್ಣ ಎಂದೆ. ಯುಗಾದಿಗೆ ಮುಂಚೆ ಹೊಲಿದದ್ದು ಎಂದೆ. ಚೂರನ್ನು ಅಂಗೈಯಲ್ಲಿ ಮತ್ತೆ ಮತ್ತೆ ತಿರುವಿದರು. ಹೊರಗೆ ತರಕಾರಿ ಗಾಡಿಯವನು ಬೀದಿಯ ಕೊನೆಯವರೆಗೆ ಕೂಗಿಕೊಂಡು ಹೋಗಿ ತಿರುಗಿ ಬಂದ.

“ನಿಮ್ಮೋರು ಬಂದಿದ್ರು,” ಎಂದರು ಆಮೇಲೆ. “ನೀನು ಅಳತೆ ಕೊಟ್ಟು ಹೋದ ಮಾರನೇ ದಿನ. ಒಳಗೆ ಬರ್ಲಿಲ್ಲ, ಮೆಟ್ಟಿಲ ಹತ್ರಾನೇ ನಿಂತ್ಕೊಂಡ್ರು. ತೋಳು ಒಂಚೂರು ಸಡಿಲ ಬಿಡಮ್ಮಾ, ಸೊಪ್ಪು ಕುಯ್ಯೋವಾಗ ಅವಳಿಗೆ ಕಂಕುಳಲ್ಲಿ ಹಿಡಿಯುತ್ತೆ, ಅವಳು ಬಾಯ್ಬಿಟ್ಟು ಹೇಳಲ್ಲ ಅಂದ್ರು. ಗಂಡಸ್ರು ಬಂದ್ರೆ ಬೇಗ ಕೊಡಿ ಅಂತಾರೆ, ಅಷ್ಟೇ. ತೋಳಿನ ಮಾತಾಡಿದ್ದು ಅವರೊಬ್ರೇ. ಅದಕ್ಕೇ ಪಿನ್ನು ಹಾಕಿಟ್ಟೆ.”

ಚೀಲದಲ್ಲಿ ನಿಮ್ಮಮ್ಮ ಕೊಟ್ಟ ಡೈರಿ ಇತ್ತು. ತಾರೀಖು ನೋಡದೆ, ತೆರೆದ ಹಾಳೆಯಲ್ಲಿ ಅವರ ಮಾತನ್ನು ಹಾಗೇ ಬರೆದುಕೊಂಡೆ. ಬರೆದದ್ದನ್ನು ಓದಿಸಿ ಕೇಳಿದರು. ಉಳಿದ ಚೂರುಗಳನ್ನೂ ಬಣ್ಣ ಹೇಳಿ ಕೇಳಿ ನೋಡಿದೆ. ಒಂದೆರಡಕ್ಕೆ ತುಟಿ ಅಲುಗಿತು, ದಿನ ನೆನಪಿಗೆ ಬರಲಿಲ್ಲ. ಸಾಕು ಕಣೇ, ಮುಂದಿನ ಗುರುವಾರ ನೋಡೋಣ ಎಂದರು. ಹೊರಡುವಾಗ ಹಸಿರು ಚೂರನ್ನು ಮಡಿಸಿ ನನ್ನ ಕೈಗಿಟ್ಟು ಬೆರಳು ಮುಚ್ಚಿದರು.

ಮುಂದಿನ ಗುರುವಾರ ನಾನು ಹೋದದ್ದು ಅವರನ್ನು ಮಣ್ಣು ಮಾಡಿದ ಮೂರನೆಯ ದಿನ. ಹೊಲಿಗೆ ಮಿಷನ್ನಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಶಬಾನಾ ನನ್ನನ್ನು ತಬ್ಬಿಕೊಂಡು ಅತ್ತಳು. ಒಗೆದದ್ದರಿಂದ ಏನು ಅಳಿಸಿಹೋಯಿತೆಂದು ಅವಳಿಗೆ ನಾನು ಹೇಳಲಿಲ್ಲ, ನೀವೂ ಎಂದೂ ಹೇಳಬೇಡಿ. ಪುಸ್ತಕ ಅವಳ ಹತ್ತಿರವೇ ಇದೆ. ಹನ್ನೊಂದು ಹಾಳೆಗಳಲ್ಲಿ ನನ್ನ ಸೊಟ್ಟ ಅಕ್ಷರ, ಉಳಿದವುಗಳಲ್ಲಿ ಪಿನ್ನಿನ ತುಕ್ಕು ಕಲೆ.

ನನ್ನ ಅಳತೆ ಕೊನೆಗೂ ಸಿಕ್ಕಿತು ಮಕ್ಕಳೇ. ಒಬ್ಬಳೇ ಕೂತು ನನಗೆ ನಾನೇ ಬರೆದುಕೊಳ್ಳಲು ಆಗುವುದಿಲ್ಲ. ನೀವಿಬ್ಬರೂ ಎದುರಿಗೆ ಕೂತು ಕೇಳುತ್ತಿದ್ದೀರಿ ಎಂದುಕೊಂಡರೆ ಆಗುತ್ತದೆ. ಅದಕ್ಕೇ ಇದು ನಿಮ್ಮ ಹೆಸರಿನಿಂದ ಶುರುವಾಗಿದೆ. ತಾತನ ವಿಷಯವನ್ನೂ ಹೀಗೇ ಬರೆದಿದ್ದೇನೆ, ಆ ಹಾಳೆಗಳು ಇದರ ಕೆಳಗಿವೆ.

ಈ ಹಾಳೆಗಳನ್ನು ಜೋಪಾನ ಮಾಡಿ. ಮೊದಲ ಹಾಳೆಗೆ ಹಸಿರು ಚೂರು ಚುಚ್ಚಿದ್ದೇನೆ, ತುಕ್ಕು ಹಿಡಿಯದ ಪಿನ್ನು ಹಾಕಿದ್ದೇನೆ. ಅದನ್ನು ಒಮ್ಮೆ ಒಗೆದಾಗಿದೆ. ಇನ್ನು ಒಗೆಯಬೇಡಿ.