ಮಾವನವರ ಮೂಗಿನ ಮೇಲಿನ ಕುಂಕುಮ

ನಿನ್ನೆ ಸಂಕ್ರಾಂತಿ. ಬೆಳಗಿನಿಂದ ಮಾಡಿದ ಕೆಲಸಗಳು: ನೀರು ತುಂಬಿದ್ದು (ಹಬ್ಬ ಅಂತ ಕಾರ್ಪೊರೇಷನ್ ನಳ ಹೆಚ್ಚು ಹೊತ್ತು ಬರುವುದಿಲ್ಲ), ಹಾಲು ಕಾಸಿದ್ದು, ಎಳ್ಳು ಹುರಿದದ್ದು, ಬಾಗಿಲಿಗೆ ರಂಗೋಲಿ, ಬರುವ ಹೆಂಗಸರಿಗೆ ಕೊಡಲು ತುಳಶಿಬಾಗ್ ಪೇಟೆಯಿಂದ ತಂದ ಸ್ಟೀಲ್ ಬಟ್ಟಲುಗಳ ಮೇಲಿನ ಚೀಟಿ ಕೆರೆದದ್ದು (ಅರ್ಧ ಅಂಟಿಕೊಂಡೇ ಉಳಿಯಿತು), ಮಾವನವರ ಮೂಗಿನ ಮೇಲಿನ ಕುಂಕುಮ ಒರೆಸಿದ್ದು.

ಕೊನೆಯದು ಹಬ್ಬದ ಕೆಲಸವಲ್ಲ. ನಮ್ಮ ಮನೆಯಲ್ಲಿ ಸುಮಾರು ದಿನಗಳಿಂದ ನಡೆದದ್ದೇ.

ಗಣಪತಿ ಹಬ್ಬಕ್ಕೆ ಮುಂಚೆ ಅತ್ತೆಗೆ ಲಕ್ವಾ ಹೊಡೆಯಿತು. ನಡಿಗೆ ಬೇಗ ಬಂತು. ಮಾತು ಅದಕ್ಕಿಂತ ಬೇಗ ಬಂತು (ಮಾವನವರ ಪ್ರಕಾರ ಅದು ಹೋಗಿಯೇ ಇರಲಿಲ್ಲ). ಬಲಗೈ ಮಾತ್ರ ಮುನಿಸಿಕೊಂಡು ಕೂತಿತು. ಡಾಕ್ಟರು ಆಕ್ಯುಪೇಷನಲ್ ಥೆರಪಿಸ್ಟರನ್ನು ಕರೆಸಿ ಎಂದರು.

"ಆಕ್ಯುಪೇಷನ್ನಾ? ಈ ವಯಸ್ಸಿನಾಗ ಇಕಿಗೆ ನೌಕರಿ ಹಚ್ಚತಾರೇನು?" ಎಂದರು ಮಾವ.

ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡು ಸ್ಕೂಟಿ ಮೇಲೆ ಬಂದಳು ಒಬ್ಬ ಮರಾಠಿ ಹುಡುಗಿ. ಫಿಸಿಯೋ ಅಂದರೆ ಕೈ ಎತ್ತಿಸುವವರು ಅಂತ ನಮಗೆ ಗೊತ್ತಿತ್ತು. ಈಕೆ, ಎತ್ತಿದ ಕೈಯಿಂದ ಏನು ಮಾಡುತ್ತೀರಿ ಅಂತ ಕೇಳುವವಳು. ಚೀಲದಿಂದ ಒಂದು ಹಲಗೆ ತೆಗೆದಳು. ಅದರ ಮೇಲೆ ಬಟ್ಟೆ, ಬಟ್ಟೆಗೆ ಗುಂಡಿ. ಹಾಕಬೇಕು, ಬಿಚ್ಚಬೇಕು.

ಅತ್ತೆ ಹಲಗೆಯನ್ನು ನೋಡಿದರು, ಅವಳನ್ನು ನೋಡಿದರು. "ನಾ ಎಂದಾದ್ರೂ ಶರ್ಟ್ ಹಾಕ್ಕೊಂಡೀನೇನವಾ?"

ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಹುಡುಗಿ ನಕ್ಕು ಹಲಗೆ ಒಳಗಿಟ್ಟಳು. ಹಾಗಾದರೆ ಆಜಿ, ಈ ಕೈಯಿಂದ ನೀವೇನು ಮಾಡಬೇಕು ಅಂತೀರಿ?

ರೊಟ್ಟಿ ಬಡಿಯುವುದು ಅನ್ನುತ್ತಾರೆ ಅಂದುಕೊಂಡೆ. "ರೊಟ್ಟಿ ಸೊಸಿ ಬಡೀತಾಳ," ಎಂದರು ಅತ್ತೆ. "ಸಂಕ್ರಾಂತಿಗೆ ಬರೋ ಹೆಣ್ಮಕ್ಕಳಿಗೆ ನಾನ ಕುಂಕುಮ ಹಚ್ಚಬೇಕು. ಎಡಗೈಲೆ ಹಚ್ಚಲಿಕ್ಕೆ ಬರೂದಿಲ್ಲ. ಆಗಲಿಲ್ಲಂದ್ರ ನಾ ಒಳಗ ಕೂಡತೀನಿ, ಹೊರಗ ಬರಂಗಿಲ್ಲ."

ಅತ್ತೆ ಹೇಳಿದರೆ ಹೇಳಿದ್ದೇ. ಆದರೆ ಅಭ್ಯಾಸಕ್ಕೆ ಒಂದು ಹಣೆ ಬೇಕಲ್ಲ? ಮನೆಯಲ್ಲಿ ಖಾಲಿ ಕೂತಿದ್ದ ಹಣೆ ಒಂದೇ. ರಿಟೈರಾದ ಮಾವನವರದು.

ದಿನಾ ಚಹಾ ಆದಮೇಲೆ ಪೇಪರ್ ಕಸಿದು ಕೂಡಿಸುವುದು. ಮೊದಮೊದಲು ಕಿವಿ. ಆಮೇಲೆ ಗಲ್ಲ. ಮೂಗಿಗೆ ಬಂದದ್ದೇ ದೊಡ್ಡ ಪ್ರಗತಿ.

"ಹಣಿ ಎಲ್ಲೆ ಅದ ಅನ್ನೂದಾದ್ರೂ ಗೊತ್ತದನೋ ಇಲ್ಲೋ?"

"ನಿಮ್ಮ ಹಣಿ ನೆತ್ತೀತನಕಾ ಹೋಗೇದ. ಎಲ್ಲೆ ಅಂತ ಹುಡುಕ್ಲಿ?"

ಒಮ್ಮೆ ಒರೆಸುವುದು ಮರೆತು ಹಾಗೆಯೇ ತರಕಾರಿ ಮಂಡಿಗೆ ಹೋದರು. ಮೆಂತ್ಯ ಮಾರುವವಳು ಎದ್ದು ನಿಂತು ಕೈ ಮುಗಿದಳಂತೆ.

ನನಗೂ ಒಂದು ಅಪ್ಪಣೆ ಆಗಿತ್ತು. ಕೈ ಹಿಡಿದು ಸಹಾಯ ಮಾಡಬಾರದು. ನೀವು ಮಾಡಿದರೆ ಅವರ ಕೈ ಕಲಿಯುವುದಿಲ್ಲ, ನಿಮ್ಮ ಕೈ ಬೆನ್ನ ಹಿಂದೆ ಇರಲಿ, ಎಂದಿದ್ದಳು ಹುಡುಗಿ. ಓದುಗ ಸೊಸೆಯಂದಿರೇ, ನೀವೇ ಹೇಳಿ. ಅತ್ತೆಯ ಕೈ ನಡುಗುವಾಗ ಸುಮ್ಮನೆ ನೋಡುತ್ತ ನಿಂತ ಸೊಸೆಗೆ ನಮ್ಮ ಕಡೆ ಏನಂತಾರೆ?

ನಿನ್ನೆ ಸಂಜೆ ಅರಿಸಿನ-ಕುಂಕುಮಕ್ಕೆ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಎದುರು ಫ್ಲ್ಯಾಟಿನ ಜೋಶಿ ಕಾಕು (ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಮ್ಮ). ಕೆನೆಬಣ್ಣದ ಹೊಸ ರೇಷ್ಮೆ ಸೀರೆ (ಬೇರೆ ಬಣ್ಣ ಸಿಗಲಿಲ್ಲವೆ?). ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಎದುರಿನ ಕುರ್ಚಿಯಲ್ಲಿದ್ದ ಅತ್ತೆಯ ಬೆರಳು ಕುಂಕುಮದ ಬಟ್ಟಲಿಗೆ ಹೋಯಿತು, ಎದ್ದಿತು, ತಮ್ಮದೇ ಗದ್ದದ ಮಟ್ಟಕ್ಕೆ ಬಂದು ನಿಂತೇ ಬಿಟ್ಟಿತು. ನಡುಗತೊಡಗಿತು.

"ಅಗಂ, ಅತ್ತೆಯ ಕೈ ಹಿಡಿಯಬಾರದೇನೇ?" ಹಿಂದಿನಿಂದ ಯಾರೋ ನನಗೆ ತಿವಿದರು. ನಾನು ಬೆನ್ನ ಹಿಂದೆ ನನ್ನದೇ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕುಂಕುಮ ಸೀರೆಯ ಮೇಲೆ ಬಿತ್ತು.

ಅತ್ತೆಯ ಮುಖ ಸಣ್ಣದಾಯಿತು. "ನಾ ಒಳಗ ಹೋಗತೀನಿ. ನೀನ ಹಚ್ಚು," ಎಂದು ನನ್ನ ಕಡೆ ಬಟ್ಟಲು ಸರಿಸಿದರು.

ನನ್ನ ಕೈ ಮುಂದೆ ಬಂದೇ ಬಿಡುತ್ತಿತ್ತು. ಅಷ್ಟರಲ್ಲಿ ಕಾಕು ಕಣ್ಣು ತೆರೆದರು. ಸೀರೆ ನೋಡಿಕೊಂಡರು. ಕುರ್ಚಿ ಬಿಟ್ಟಿಳಿದು ಅತ್ತೆಯ ಮುಂದೆ ನೆಲದ ಮೇಲೆ ಕೂತರು. "ಹಾಂ, ಈಗ ಹಚ್ಚಿ. ನನಗೆ ಸೊಸೆಯ ಕೈಯಿಂದ ಬೇಡ," ಎಂದರು ಮರಾಠಿಯಲ್ಲಿ. ಈಗ ಹಣೆ ಅತ್ತೆಯ ಗದ್ದಕ್ಕಿಂತ ತಗ್ಗಿನಲ್ಲಿತ್ತು. ಬೆರಳು ಹೋಯಿತು. ಮುಟ್ಟಿತು. ಎಡ ಹುಬ್ಬಿನ ಮೇಲೆ, ಓರೆಯಾಗಿ. ಆದರೆ ಹಣೆಯ ಮೇಲೇ!

ಆಮೇಲೆ ಕುರ್ಚಿಯಲ್ಲಿ ಕೂಡಲು ಯಾರೂ ಒಪ್ಪಲಿಲ್ಲ. ಜರತಾರಿ ಸೀರೆಗಳೆಲ್ಲ ಸಾಲಾಗಿ ನೆಲದ ಮೇಲೆ. ಒಬ್ಬರಿಗೆ ಬೈತಲೆಯ ಬುಡದಲ್ಲಿ, ಒಬ್ಬರಿಗೆ ಎರಡೆರಡು. ಕೊನೆಯವಳಿಗೆ ಸರಿಯಾಗಿ ನಟ್ಟನಡುವೆ ಬಿತ್ತು. ಅತ್ತೆ ಕತ್ತು ಓರೆ ಮಾಡಿ ನೋಡಿದರು.

"ಇದು ಬರೋಬ್ಬರಿ ಆತು. ನೀವೆಲ್ಲಾರೂ ಒರಸ್ಕೊಂಡು ಮತ್ತೊಮ್ಮೆ ಬರ್ರಿ."

ಯಾರೂ ಒರೆಸಿಕೊಳ್ಳಲಿಲ್ಲ. ಹಾಗೆಯೇ ತಮ್ಮ ತಮ್ಮ ಮನೆಗೆ ಹೋದರು.

ರಾತ್ರಿ ಊಟಕ್ಕೆ, ಹಿಂದಿನ ದಿನ ಭೋಗಿಗೆ ಬಡಿದು ಉಳಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಅತ್ತೆ ಒಂದೊಂದೇ ಹಣೆಯ ಕಥೆಯನ್ನು ಮಾವನವರಿಗೆ ಹೇಳುತ್ತ ಕೂತಿದ್ದರು. ಮೊದಲು ಮಲಗಿದವಳು ನಾನೇ. ಏನೂ ಮಾಡದೆ ನಿಲ್ಲುವುದಕ್ಕೆ ಮೈ ಇಷ್ಟು ನೋಯುತ್ತದೆ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇನ್ರಿ?